ನಾಯಿಯ ದೃಶ್ಯ ಯಾಕೆ ಬಿಟ್ಟಿರಿ?

ನಮಸ್ಕಾರ,

ಗ್ರೀಸ್‌ನ ನಿರ್ದೇಶಕ ಯೋರ್ಗೊಸ್ ಲಾಂತಿಮೋಸ್ ಅವರ 2009ರ ಸಿನಿಮಾ 'ಡಾಗ್‌ಟೂತ್' ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಬೆಳೆದು ನಿಂತ ಮೂವರು ಮಕ್ಕಳನ್ನು ಎತ್ತರದ ಬೇಲಿಯೊಳಗೆ ಕೂಡಿಹಾಕಿ, ಹೊರಗಿನ ಲೋಕದ ಬಗ್ಗೆ ಬರೀ ಸುಳ್ಳು ಕಲಿಸುವ ಅಪ್ಪ ಅಮ್ಮನ ಕಥೆ ಇದು. ನಿಮ್ಮ ಲೇಖನದ ಮುಕ್ಕಾಲು ಪಾಲು ಈ ಕಥೆಯೇ ಆಗಿದೆ. ಉಳಿದದ್ದರಲ್ಲಿ 'ಭಯಾನಕ', 'ವಿಕೃತ', 'ಮೈ ಜುಮ್ಮೆನ್ನುವ' ಎಂಬ ಮಾತುಗಳೇ ಜಾಸ್ತಿ. ಸಿನಿಮಾ ಹಾಗೆ ಕೂಗಾಡುವುದಿಲ್ಲ, ಅಲ್ವಾ? ಹುಲ್ಲುಹಾಸು, ಈಜುಕೊಳ, ಒಳ್ಳೆ ಬಿಸಿಲು. ಕ್ಯಾಮೆರಾ ಎಷ್ಟೋ ಕಡೆ ಕದಲದೆ ನಿಂತು, ಜನರ ತಲೆಯನ್ನೇ ಚೌಕಟ್ಟಿನ ಹೊರಗೆ ಬಿಡುತ್ತದೆ. ಇದು ನಿಮ್ಮ ಕಣ್ಣಿಗೆ ಬಿದ್ದಿದೆ. ಸಂತೋಷ. ಆದರೆ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ನಾಯಿಯ ದೃಶ್ಯವಂತೂ ಪೂರ್ತಿ ಬಿಟ್ಟಿದ್ದೀರಿ. ಅಪ್ಪ ತನ್ನ ನಾಯಿಯನ್ನು ತರಬೇತಿಗೆ ಬಿಟ್ಟಿದ್ದಾನೆ. ವಾಪಸ್ ಕೇಳಿದರೆ ತರಬೇತುದಾರ ಕೊಡುವುದಿಲ್ಲ. ಕಲಿಕೆ ಇನ್ನೂ ಮುಗಿದಿಲ್ಲ, ನಾಯಿ ಅಂದರೆ ಜೇಡಿಮಣ್ಣು, ಅದಕ್ಕೆ ರೂಪ ಕೊಡುವುದು ನಮ್ಮ ಕೆಲಸ ಎನ್ನುತ್ತಾನೆ. ಇತ್ತ ಮನೆಯಲ್ಲಿ ಬೆಕ್ಕಿನ ಭಯ ಹುಟ್ಟಿಸಲು ಅಪ್ಪ ತನ್ನದೇ ಬಟ್ಟೆ ಹರಿದುಕೊಂಡು, ಸುಳ್ಳು ರಕ್ತ ಬಳಿದುಕೊಂಡು ಬರುತ್ತಾನೆ. ಆಮೇಲೆ ಹೆಂಡತಿ ಮಕ್ಕಳನ್ನು ಕೈ, ಮಂಡಿ ಊರಿಸಿ ಬೊಗಳಿಸುತ್ತಾನೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ. 'ಸರ್ವಾಧಿಕಾರದ ರೂಪಕ' ಅಂತ ನೀವು ಎಳೆದ ಪ್ಯಾರಾಗಳು ಆಗ ಬೇಕಾಗುವುದೇ ಇಲ್ಲ.

ಕ್ರಿಸ್ಟೀನಾಳ ವಿಷಯ ಬರೆಯಲು ನಿಮಗೆ ಮುಜುಗರ ಆಗಿರಬೇಕು. ಅರ್ಥವಾಗುತ್ತದೆ. ಆದರೂ ಅವಳಿಲ್ಲದೆ ಈ ಲೇಖನ ನಿಲ್ಲುವುದಿಲ್ಲ. ಅಪ್ಪನ ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸ ಮಾಡುವ ಅವಳನ್ನು ಅವನು ದುಡ್ಡು ಕೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ ಕರೆತರುತ್ತಾನೆ. ಮಗನ ದೇಹದ ಆಸೆ ತೀರಿಸಲಿಕ್ಕೆ. ಹೆಣ್ಣುಮಕ್ಕಳಿಗೂ ಆಸೆ ಇರಬಹುದೆಂದು ಅವನಿಗೆ ಹೊಳೆದೇ ಇಲ್ಲ. ಅವನ ಲೆಕ್ಕ ತಪ್ಪುವುದು ಅಲ್ಲೇ. ಮೊದಲು ಒಂದು ಹೇರ್‌ಬ್ಯಾಂಡ್, ಆಮೇಲೆ ಸಿನಿಮಾದ ವಿಡಿಯೋ ಕ್ಯಾಸೆಟ್‌ಗಳು ಕ್ರಿಸ್ಟೀನಾಳಿಂದ ಹಿರಿಯ ಮಗಳ ಕೈಸೇರುತ್ತವೆ. ಹೊರಗಿನ ಲೋಕ ಒಳಗೆ ಬರುವುದು ಆ ದಾರಿಯಲ್ಲಿ.

ಇನ್ನೊಂದು ಮಾತು. ಅಮ್ಮನನ್ನು ಸುಮ್ನೆ 'ಪಾಪದ ಹೆಂಗಸು' ಅನ್ನಬೇಡಿ. ಮಕ್ಕಳಿಗೆ ಗೊತ್ತಿಲ್ಲದ ಫೋನ್ ಅವಳ ಕೋಣೆಯಲ್ಲಿದೆ. ಆ ಫೋನ್ ಎತ್ತಿ ಅವಳು ಮಾತಾಡುವುದು ಗಂಡನ ಜೊತೆ. ಆ ದೃಶ್ಯ ಮತ್ತೆ ನೋಡಿ.

ಹೊಸ ಪ್ರತಿ 600 ಪದ ಮೀರದಿರಲಿ. ಕೊನೆಯ ದೃಶ್ಯವನ್ನು ಮಾತ್ರ ದಯವಿಟ್ಟು ಹೇಳಿಬಿಡಬೇಡಿ.

— ಸಂಪಾದಕ