ಬಿಪಿ ಚೀಟಿಯ ಜೊತೆಗೆ ಎರಡು ಪ್ರಶ್ನೆ

ಪ್ರಶ್ನೆ: ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸ್ಟಾಫ್ ನರ್ಸ್ ಆಗಿದ್ದೇನೆ. ಬಿಪಿ, ಶುಗರ್ ನೋಡುವುದರಲ್ಲೇ ಬೆಳಗು ಮುಗಿಯುತ್ತದೆ. ಈಗ ಮನಸ್ಸಿನ ಆರೋಗ್ಯವನ್ನೂ ವಿಚಾರಿಸಿ ಎನ್ನುತ್ತಾರೆ. ಯಾರನ್ನು, ಏನೆಂದು ಕೇಳಲಿ? – ಓದುಗರು, ಹಾವೇರಿ ಜಿಲ್ಲೆ

ಉತ್ತರ: ಒಬ್ಬರಿಗೆ ಎರಡು ನಿಮಿಷ ಸಾಕು. ಮಾತ್ರೆ ನುಂಗಿಯೂ ಶುಗರ್ ಇಳಿಯದವರು, ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ತಲೆಭಾರ, ಎದೆ ಡವಡವ, ಮೈಕೈ ನೋವು ಎಂದು ಪದೇ ಪದೇ ಬರುವವರು, ಬಾಣಂತಿಯರು – ಇವರಿಂದ ಶುರು ಮಾಡಿ. ಮನಸ್ಸು ಸರಿಯಿಲ್ಲ ಎಂದು ಚೀಟಿ ಬರೆಸುವವರು ಅಪರೂಪ.

ಖಿನ್ನತೆಯ ಸುಳಿವು ಹಿಡಿಯುವ ಪ್ರಶ್ನಾವಳಿ ಪಿಎಚ್‌ಕ್ಯೂ-2ರಲ್ಲಿ ಇರುವುದು ಎರಡೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ? ಮನಸ್ಸು ಕುಗ್ಗಿದೆಯೇ, ಮುಂದೇನೂ ಇಲ್ಲ ಅನ್ನಿಸಿದೆಯೇ? ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನವೂ ಎಂದರೆ 3. ಎರಡೂ ಸೇರಿ 3 ಅಥವಾ ಮೇಲೆ ಬಂದರೆ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ತುಂಬಿಸಿ. ಅದರಲ್ಲಿ 10 ಅಥವಾ ಮೇಲೆ ಬಂದರೆ ವೈದ್ಯಾಧಿಕಾರಿಗೆ ತೋರಿಸಿ. ಅಂಕ ಬಂದ ಮಾತ್ರಕ್ಕೆ ಖಿನ್ನತೆ ಎಂದು ಚೀಟಿಯಲ್ಲಿ ಬರೆಯಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಇದೇ ಸುಸ್ತು, ಇದೇ ನಿರಾಸಕ್ತಿ ಇರುತ್ತದೆ.

ಕೆಡುವುದು ಕೇಳುವ ರೀತಿಯಲ್ಲಿ. ‘ಬೇಜಾರಾ?’ ಎಂದರೆ ಯಾರಾದರೂ ‘ಹೂಂ’ ಅಂದಾರು, ಅದರಿಂದ ಏನೂ ತಿಳಿಯದು. ‘ಹದಿನಾಲ್ಕು ದಿನದಲ್ಲಿ ಎಷ್ಟು ದಿನ ಹೀಗಾಯಿತು?’ ಎಂದು ಲೆಕ್ಕ ಕೇಳಿ. ಅತ್ತೆಯೋ ಗಂಡನೋ ಪಕ್ಕದಲ್ಲಿದ್ದರೆ ಸೊಸೆಯ ಬಾಯಲ್ಲಿ ಬರುವುದು ‘ಎಲ್ಲ ಚೆನ್ನಾಗಿದೆ ಸಿಸ್ಟರ್’ ಒಂದೇ. ತೂಕ ನೋಡುವ ನೆಪದಲ್ಲಿ ಒಳಗೆ ಕರೆದುಕೊಳ್ಳಿ. ಇನ್ನೊಂದು ರೋಗ ನಮ್ಮದೇ: ತಿಂಗಳ ವರದಿ ಹತ್ತಿರ ಬಂದಾಗ ಕೇಳದೆಯೇ ಸೊನ್ನೆ ಸುತ್ತುವುದು. ಅದಕ್ಕಿಂತ ಹತ್ತೇ ಜನರನ್ನು ನಿಜವಾಗಿ ಕೇಳುವುದು ಮೇಲು.

ಪ್ರಶ್ನೆ: ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗದೇ? ‘ಹೌದು’ ಎಂದುಬಿಟ್ಟರೆ? – ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ರಾಯಚೂರು ಜಿಲ್ಲೆ

ಉತ್ತರ: ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಒಳಗೇ ನುಂಗಿಕೊಂಡವರಿಗೆ ಹೇಳಿಕೊಳ್ಳಲು ಒಂದು ಜಾಗ ಸಿಗುತ್ತದೆ. ‘ಹೌದು’ ಎಂದರೆ ಮುಂದಕ್ಕೆ ಕೇಳಿ: ಹೇಗೆ ಎಂದು ಯೋಚಿಸಿದ್ದಾರಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ, ಹಿಂದೆ ಪ್ರಯತ್ನಿಸಿದ್ದರಾ. ಯೋಜನೆ ಇದ್ದರೆ ಒಬ್ಬರನ್ನೇ ಬಿಡಬೇಡಿ, ಅಲ್ಲಿಂದಲೇ ವೈದ್ಯಾಧಿಕಾರಿಗೆ ಫೋನ್ ಮಾಡಿ, ಸಾಗಿಸಲು 108 ಕರೆಸಿ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ.

ಒಕ್ಕಲು ಮನೆಯಾದರೆ ಮೊದಲ ಕೆಲಸ ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿ ಮನೆಯಿಂದ ಆಚೆ ಹೋಗುವಂತೆ ನೋಡುವುದು. ಆ ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ. ಮಾತ್ರೆಯನ್ನೂ ಒಂದು ವಾರದ್ದಷ್ಟೇ ಕೊಟ್ಟು ಮನೆಯವರ ಕೈಯಲ್ಲಿರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಅವರ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ. ಪ್ರಯತ್ನಿಸಿದವರ ಮನೆಯವರಿಗೆ ಪೊಲೀಸ್ ಕೇಸಿನ ಭಯ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಹಾಗಾಗಿ ಸಾಮಾನ್ಯವಾಗಿ ಶಿಕ್ಷೆ ಇಲ್ಲ ಎಂದು ತಿಳಿಸಿ, ಇಲ್ಲದಿದ್ದರೆ ಆಸ್ಪತ್ರೆಗೇ ತರುವುದಿಲ್ಲ.

ಪ್ರಶ್ನೆ: ಖಿನ್ನತೆಯ ಮಾತ್ರೆಯನ್ನು ನರ್ಸ್ ತಾವೇ ಶುರು ಮಾಡಬಹುದೇ? – ಓದುಗರು, ತುಮಕೂರು

ಉತ್ತರ: ಇಲ್ಲ. ಬರೆಯುವುದು ವೈದ್ಯರು, ಬರೆದದ್ದು ಹೊಟ್ಟೆಗೆ ಹೋಗುತ್ತಿದೆಯೇ ಎಂದು ನೋಡುವುದು ನರ್ಸ್.

ಪ್ರಶ್ನೆ: ನನ್ನ ತಂಗಿ ಹದಿನೈದು ದಿನಕ್ಕೇ ‘ಗುಣ ಇಲ್ಲ, ವಾಕರಿಕೆ ಬರುತ್ತೆ’ ಎಂದು ಮಾತ್ರೆ ಬಿಟ್ಟಳು. ಆಸ್ಪತ್ರೆಯಿಂದ ಯಾರೂ ವಿಚಾರಿಸಲಿಲ್ಲ. – ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ತುಂಬ ಜನ ಬಿಡುವುದು ಇದೇ ಹೊತ್ತಿನಲ್ಲಿ. ಫ್ಲುಆಕ್ಸೆಟಿನ್, ಎಸಿಟಲೋಪ್ರಾಮ್‌ನಂಥ ಮಾತ್ರೆಗಳಲ್ಲಿ ವಾಕರಿಕೆ, ತಲೆನೋವು, ಚಡಪಡಿಕೆ ಮೊದಲ ವಾರವೇ ಕಾಣಿಸುತ್ತವೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ತೊಂದರೆ ಮೊದಲು, ಲಾಭ ಆಮೇಲೆ: ಇದನ್ನು ಮಾತ್ರೆ ಕೊಡುವ ದಿನವೇ ಹೇಳದಿರುವುದು ತಂಗಿಯ ತಪ್ಪಲ್ಲ, ಆಸ್ಪತ್ರೆಯದು. ತಿಂಡಿ ತಿಂದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಆದರೆ ಈಗ ತಾನಾಗಿಯೇ ಮತ್ತೆ ಶುರು ಮಾಡುವುದು ಬೇಡ, ವೈದ್ಯರನ್ನು ಕಾಣಲಿ. ಗುಣವಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ.

ನರ್ಸ್‌ಗಳಿಗೂ ಒಂದು ಮಾತು. ಹೆಸರು, ಮಾತ್ರೆ ಶುರುವಾದ ದಿನ, ಮುಂದೆ ಬರಬೇಕಾದ ದಿನ, ಬಂದರೇ ಎಂಬ ನಾಲ್ಕು ಕಾಲಂಗಳ ಒಂದು ಪುಸ್ತಕ ಇಡಿ. ಮೂರನೇ ದಿನ ಒಂದು ಫೋನ್, ಎರಡನೇ ವಾರ ಇನ್ನೊಂದು. ಬರದವರ ಪಟ್ಟಿ ಶನಿವಾರ ಆಶಾ ಕೈಗೆ ಹೋಗಲಿ, ಆದರೆ ಕಾಯಿಲೆಯ ಹೆಸರಿಲ್ಲದೆ. ‘ಚೆಕಪ್ಪಿಗೆ ಬನ್ನಿ’ ಎಂದಷ್ಟೇ ಬಾಗಿಲಲ್ಲಿ ಹೇಳಲಿ.