ಅವನ ಅಧ್ಯಾಯ ಬರೆದಿದ್ದು ಯಾರು?

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದು ತಾಯಿ ಮಗಳು ಇಬ್ಬರೂ. ಮಾತಾಡಿದ್ದು ತಾಯಿ ಮಾತ್ರ. ಕೂತ ಕೂಡಲೇ ಒಂದು ಬಟ್ಟೆ ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟರು. ಒಳಗೆ 11 ಇಂಗ್ಲಿಷ್ ಕಾದಂಬರಿಗಳು. ಗುಲಾಬಿ, ತಿಳಿನೀಲಿ, ಹಳದಿ ಮುಖಪುಟ. ಮೇಲೆ ಕಾರ್ಟೂನ್ ಥರದ ಹುಡುಗ, ಹುಡುಗಿ.

"ನೋಡಿ ಮೇಡಂ, ಇವೇ. ರಾತ್ರಿ ಎರಡು ಗಂಟೆ ತನಕ ಓದ್ತಾಳೆ. ಎರಡು ಸಬ್ಜೆಕ್ಟ್ ಬ್ಯಾಕ್ ಆಗಿದೆ. ಯಾರೋ ಹುಡುಗ ಬೇರೆ ಇದಾನಂತೆ. ಎಲ್ಲಾ ಇದರಿಂದಾನೇ."

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ತಾಯಿ ಮಗಳನ್ನು ಪುಟ್ಟಿ ಅಂತ ಕರೆಯುತ್ತಿದ್ದರು, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ವಯಸ್ಸು 19, ಡಿಗ್ರಿ ಎರಡನೇ ವರ್ಷ. ವಾರವೆಲ್ಲ ಹಾಸ್ಟೆಲ್, ಶನಿವಾರ ಸಂಜೆ ಬಸ್ಸು ಹಿಡಿದು ಊರಿಗೆ ಬರುತ್ತಾಳೆ.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ಅವರು ಹೋದ ಮೇಲೂ ಪುಟ್ಟಿ ಬಾಯಿ ಬಿಡಲಿಲ್ಲ. ಚೀಲದಿಂದ ಜಾರಿದ ಪುಸ್ತಕವೊಂದರ ಮೂಲೆ ಮಡಚಿಕೊಂಡಿತ್ತು. ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ನೇರ ಮಾಡುತ್ತಿದ್ದಳು. "ಇದರಲ್ಲಿ ನಿಂಗೆ ತುಂಬಾ ಇಷ್ಟವಾಗಿದ್ದು ಯಾವುದು?" ಅಂತ ಕೇಳಿದೆ.

"ನಿಜವಾಗ್ಲೂ ಕೇಳ್ತಿದೀರಾ ಮ್ಯಾಮ್?"

ಆಮೇಲೆ ನಲವತ್ತು ನಿಮಿಷ ಅವಳದೇ ಮಾತು.

ಎಸ್ಸೆಸ್ಸೆಲ್ಸಿ ತನಕ ಪುಟ್ಟಿ ಓದಿದ್ದು ಕನ್ನಡ ಮೀಡಿಯಂ. ಪಿಯುಸಿಗೆ ಸೇರಿದಾಗ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಗೆಳತಿಯೊಬ್ಬಳು, ಯಾರು ಬೇಕಾದರೂ ಕಥೆ ಬರೆದು ಹಾಕಬಹುದಾದ ಆನ್‌ಲೈನ್ ತಾಣ ವಾಟ್‌ಪ್ಯಾಡ್‌ನಲ್ಲಿದ್ದ ಒಂದು ಪ್ರೇಮಕಥೆಯ ಲಿಂಕ್ ಕಳಿಸಿದಳು. ಕಥೆಯೆಲ್ಲ 'ನಾನು' ಅಂತಲೇ ನಡೆಯುತ್ತದೆ. ಪುಟ್ಟ ಪುಟ್ಟ ವಾಕ್ಯ. ಅರ್ಧಕ್ಕರ್ಧ ಮಾತುಕತೆ, ನಡುನಡುವೆ ಮೊಬೈಲ್ ಮೆಸೇಜು. ಡಿಕ್ಷನರಿ ಮುಟ್ಟದೆ ಮುಗಿಸಿದಳು. "ನಾನು ಪೂರ್ತಿ ಓದಿದ ಮೊದಲ ಇಂಗ್ಲಿಷ್ ಬುಕ್ಕು ಮ್ಯಾಮ್ ಅದು" ಅಂದಾಗ ಅವಳ ಬೆನ್ನು ನೆಟ್ಟಗಾಯಿತು. ಇದೇನು ಸಣ್ಣ ವಿಷಯ ಅಲ್ಲ. ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸೂ ಮಾಡದ ಕೆಲಸವನ್ನು ಆ ಕಥೆ ಮಾಡಿತ್ತು.

ಎರಡನೇ ಕಾರಣ ಇನ್ನೂ ಒಳಗಿನದು. ಈ ಕಥೆಗಳ ಹುಡುಗಿ ಯಾವಾಗಲೂ ತನ್ನಲ್ಲಿ ವಿಶೇಷ ಏನಿಲ್ಲ ಅಂದುಕೊಂಡಿರುತ್ತಾಳೆ. ಆದರೆ ಅವಳು ಗಾಬರಿಯಾದಾಗ ಪೆನ್ನಿನ ಕ್ಯಾಪ್ ಕಚ್ಚುತ್ತಾಳೆ ಅನ್ನುವುದನ್ನು ಒಬ್ಬ ಗಮನಿಸುತ್ತಾನೆ. ಪುಟ್ಟಿಯನ್ನು ಹಾಗೆ ಯಾರೂ ಗಮನಿಸಿರಲಿಲ್ಲ. ಮನೆಯಲ್ಲಿ ಪ್ರೀತಿಗೆ ಕೊರತೆ ಇಲ್ಲ. ಆದರೆ ಕೇಳುವುದು 'ಊಟ ಆಯ್ತಾ', 'ಓದಿದ್ಯಾ', 'ದುಡ್ಡು ಇದೆಯಾ'. 'ನಿಂಗೆ ಏನು ಬೇಕು' ಅಂತ ಯಾರು ಕೇಳಬೇಕು? ಪುಸ್ತಕ ಕೇಳಿತ್ತು.

ಮೂರನೆಯದು, ಕೊನೆಗೆ ಎಲ್ಲ ಸರಿಹೋಗುತ್ತೆ ಅನ್ನುವ ಭರವಸೆ. ಓದುಗರು ಈ ಕಥೆಗಳನ್ನು ಆರಿಸುವುದೇ ಒಂಥರಾ ಹೋಟೆಲ್ ಮೆನು ನೋಡಿದ ಹಾಗೆ. ಜಗಳವಾಡಿ ಪ್ರೀತಿಗೆ ಬೀಳುವುದು ಎನಿಮೀಸ್ ಟು ಲವರ್ಸ್. ಪ್ರೇಮಿಗಳ ಹಾಗೆ ನಾಟಕ ಆಡುತ್ತಾ ನಿಜವಾಗಿ ಪ್ರೀತಿಸುವುದು ಫೇಕ್ ಡೇಟಿಂಗ್. ಮುಕ್ಕಾಲು ಕಥೆ ಮುಗಿದಾಗ ಒಂದು ಬ್ರೇಕಪ್, ಆಮೇಲೆ ಮಳೆಯಲ್ಲಿ ಕ್ಷಮೆ. ಗೊತ್ತಿದ್ದೂ ಓದುತ್ತಾರೆ, ಗೊತ್ತಿರುವುದಕ್ಕೇ ಓದುತ್ತಾರೆ. ನಾನು ನಗುವ ಹಾಗಿಲ್ಲ. ಫಿಸಿಕ್ಸ್ ನೋಟ್ಸ್ ಒಳಗೆ ವಾರಪತ್ರಿಕೆಯ ಧಾರಾವಾಹಿ ಇಟ್ಟುಕೊಂಡು ಓದಿದವಳು ನಾನೂ.

ಹಾಗಂತ ಹುಳುಕೇ ಇಲ್ಲ ಅನ್ನಲಾರೆ. ಚೀಲದಲ್ಲಿದ್ದ ಪುಸ್ತಕಗಳಲ್ಲಿ ಮೂರನ್ನು ಕೇಳಿ ಪಡೆದು ಆ ವಾರ ಓದಿದೆ. ಒಂದು ನಿಜಕ್ಕೂ ಚೆನ್ನಾಗಿತ್ತು, ಅದರ ಹುಡುಗ ಕೈ ಹಿಡಿಯುವ ಮುಂಚೆ ಕೇಳುತ್ತಾನೆ. ಉಳಿದ ಎರಡು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಅಪ್ಪ ಅಮ್ಮ ಸದಾ ಯಾವುದೋ ಪ್ರವಾಸದಲ್ಲಿ. ದುಡ್ಡಿನ ಮಾತೇ ಇಲ್ಲ. ಯಾರಿಗೂ ಸಬ್ಜೆಕ್ಟ್ ಬ್ಯಾಕ್ ಆಗುವುದಿಲ್ಲ. ಜಾತಿ ಕೇಳುವ ದೊಡ್ಡಪ್ಪ ಒಬ್ಬನೂ ಇಲ್ಲ. ಇನ್ನೊಂದು ಎಡವಟ್ಟು ಮುಖಪುಟದ್ದು. ಇಂಥ ಕಥೆಗಳಿಗೆ ಅಂಟಿಸುವ 'ಯಂಗ್ ಅಡಲ್ಟ್' ಹಣೆಪಟ್ಟಿ ಅಂದರೆ ಪ್ರಕಾಶಕರ ಲೆಕ್ಕದಲ್ಲಿ ಸುಮಾರು 12ರಿಂದ 18ರ ಓದುಗರಿಗೆ. ಆದರೆ ದೊಡ್ಡವರಿಗೆಂದೇ ಬರೆದ, ಲೈಂಗಿಕ ವಿವರ ಜಾಸ್ತಿ ಇರುವ ಪುಸ್ತಕಗಳಿಗೂ ಈಗ ಅದೇ ಕಾರ್ಟೂನ್ ಮುಖಪುಟ. ಚೀಲದಲ್ಲಿದ್ದ 11ರಲ್ಲಿ ನಾಲ್ಕು ಅಂಥವು. 19ರ ಹುಡುಗಿ ಓದಿದರೆ ತಪ್ಪೇನಿಲ್ಲ. ಆದರೆ 13ರ ಮಗುವಿಗೂ ಅಂಗಡಿಯಲ್ಲಿ ಅದೇ ರ‍್ಯಾಕು.

ಆದರೂ ನನ್ನನ್ನು ಕಾಡಿದ್ದು ಇದ್ಯಾವುದೂ ಅಲ್ಲ. ಅದು ಎರಡನೇ ಭೇಟಿಯಲ್ಲಿ ಗೊತ್ತಾಯಿತು, ಹುಡುಗನ ವಿಷಯ ಬಂದಾಗ.

ಅವನು ಅದೇ ಕಾಲೇಜಿನ ಸೀನಿಯರ್. ಎಂಟು ತಿಂಗಳ ಪರಿಚಯ. ಅವಳ ಫೋನಿನ ಲೊಕೇಶನ್ ಅವನಿಗೆ ಸದಾ ಕಾಣುತ್ತದೆ. ಪಾಸ್‌ವರ್ಡ್ ಗೊತ್ತು. ಲ್ಯಾಬ್‌ನಲ್ಲಿ ಜೊತೆಗಿರುವ ಹುಡುಗನ ಹತ್ತಿರ ಮಾತಾಡಬಾರದು ಅಂದಿದ್ದಾನೆ. ಒಂದು ಶನಿವಾರ ಹೇಳದೆ ಕೇಳದೆ ಅವಳ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬಂದು ನಿಂತಿದ್ದ. ಒಮ್ಮೆ ಸಿಟ್ಟಿನಲ್ಲಿ ತನ್ನ ಫೋನನ್ನೇ ಗೋಡೆಗೆ ಹೊಡೆದಿದ್ದ. ಇದನ್ನೆಲ್ಲ ಪುಟ್ಟಿ ನಗುತ್ತಲೇ ಹೇಳಿದಳು. "ಸ್ವಲ್ಪ ಪೊಸೆಸಿವ್ ಮ್ಯಾಮ್ ಅವನು."

ಪ್ರತಿ ಘಟನೆಯ ಹಿಂದೆ ಒಂದು 'ಯಾಕಂದ್ರೆ' ಇತ್ತು. ಊರಿಗೆ ಬಂದ, ಯಾಕಂದ್ರೆ ಎರಡು ದಿನ ನೋಡದೆ ಇರೋಕೆ ಆಗಲಿಲ್ಲ. ಫೋನ್ ಒಡೆದ, ಯಾಕಂದ್ರೆ ಚಿಕ್ಕಂದಿನಿಂದ ಅವನನ್ನು ಎಲ್ಲರೂ ಬಿಟ್ಟು ಹೋಗಿದ್ದಾರೆ, ಕಳ್ಕೊಳ್ಳೋ ಭಯ.

"ಇದನ್ನೆಲ್ಲ ಅವನು ನಿಂಗೆ ಹೇಳಿದ್ನಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬಾಯಿಬಿಟ್ಟು ಹೇಳಿಲ್ಲ ಮ್ಯಾಮ್. ನಂಗೆ ಅರ್ಥ ಆಗುತ್ತೆ."

ಆಗ ನನಗೆ ಹೊಳೆಯಿತು. ಈ ಕಾದಂಬರಿಗಳಲ್ಲಿ ಎಷ್ಟೋ ಕಡೆ ಒಂದು ಅಧ್ಯಾಯ ಅವಳದು, ಮುಂದಿನದು ಅವನದು. ಅವಳ ಅಧ್ಯಾಯದಲ್ಲಿ ಅವನು ಬಾಗಿಲು ದಢಾರನೆ ಹಾಕಿಕೊಂಡು ಹೋಗುತ್ತಾನೆ. ಅವನ ಅಧ್ಯಾಯಕ್ಕೆ ಬಂದರೆ ಅದೇ ಬಾಗಿಲಿಗೆ ಒರಗಿ ಅಳುತ್ತಿರುತ್ತಾನೆ. ಓದುವವರಿಗೆ ಅವನ ಎದೆಯೊಳಗೇ ಸೀಟು. ಹಾಗಾಗಿ ಸಿಟ್ಟಿನ ಒಳಗೆ ಪ್ರೀತಿಯೇ ಇದೆ ಅಂತ ಅನುಮಾನವಿಲ್ಲದೆ ಗೊತ್ತಾಗುತ್ತದೆ. 2005ರಲ್ಲಿ ಬಂದ 'ಟ್ವೈಲೈಟ್' ಕಾದಂಬರಿಯಲ್ಲಿ ಹುಡುಗ ರಾತ್ರಿ ಹೊತ್ತು ಹುಡುಗಿಗೆ ಗೊತ್ತಿಲ್ಲದ ಹಾಗೆ ಅವಳ ಕೋಣೆಗೆ ಬಂದು, ಅವಳು ಮಲಗಿರುವುದನ್ನು ನೋಡುತ್ತಾ ಇರುತ್ತಾನೆ. ಆ ಕಥೆಯನ್ನು ಹೇಳುವವಳು ಹುಡುಗಿ. ಓದುಗರಿಗೆ ಅಷ್ಟು ಸಾಲಲಿಲ್ಲ, ಅವನ ಮನಸ್ಸೂ ಬೇಕಿತ್ತು. 2020ರಲ್ಲಿ ಅದೇ ಕಥೆ ಅವನ ಕಡೆಯಿಂದ 600ಕ್ಕೂ ಜಾಸ್ತಿ ಪುಟದ ಇನ್ನೊಂದು ಪುಸ್ತಕವಾಗಿ ಬಂತು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವನ ಅಧ್ಯಾಯ ಎಲ್ಲಿ ಸಿಗುತ್ತದೆ? ಅದನ್ನು ಪುಟ್ಟಿಯೇ ಬರೆಯುತ್ತಿದ್ದಳು. ಚೆನ್ನಾಗಿಯೇ ಬರೆಯುತ್ತಿದ್ದಳು.

ಅವಳಿಗೆ ಹಾಗೇ ಹೇಳಿದೆ. "ಅವನ ಅಧ್ಯಾಯವನ್ನೂ ನೀನೇ ಬರೀತಿದ್ದೀಯಲ್ಲ ಪುಟ್ಟಿ." ಬೇಜಾರು ಮಾಡಿಕೊಂಡಳು. ನಾನೂ ಮುಂದೆ ತಳ್ಳಲಿಲ್ಲ.

ಬದಲಿಗೆ ಒಂದು ಕೆಲಸ ಕೊಟ್ಟೆ. 100 ಪುಟದ ನೋಟ್‌ಬುಕ್, ಪುಟದ ನಡುವೆ ಗೆರೆ. ಎಡಕ್ಕೆ ಅವನು ಮಾಡಿದ್ದು, ಆಡಿದ್ದು ಮಾತ್ರ. ಸಿಸಿಟಿವಿಯಲ್ಲಿ ಕಾಣುವ ಹಾಗೆ, ಕೇಳಿಸುವ ಹಾಗೆ. ಬಲಕ್ಕೆ ಅವಳ 'ಯಾಕಂದ್ರೆ'ಗಳು. ಎರಡು ವಾರ ಬರೆಯಬೇಕು, ನನಗೆ ತೋರಿಸಲೇಬೇಕು ಅಂತಿಲ್ಲ. ಇನ್ನೊಂದು, ಅವಳಿಗಿಷ್ಟವಾದ ಕಾದಂಬರಿಯಲ್ಲಿ ಅವನ ಅಧ್ಯಾಯಗಳನ್ನು ಕ್ಲಿಪ್ ಹಾಕಿ ಮುಚ್ಚಿ, ಬರೀ ಅವಳ ಅಧ್ಯಾಯಗಳನ್ನು ಓದಬೇಕು.

ಅದಕ್ಕೂ ಮುಂಚೆ ಕೇಳಲೇಬೇಕಾದ ಪ್ರಶ್ನೆಗಳಿದ್ದವು. ಕೈ ಮಾಡಿದ್ದಾನಾ? ಇಲ್ಲ. ಫೋಟೋ, ವಿಡಿಯೋ ಇಟ್ಟುಕೊಂಡು ಹೆದರಿಸಿದ್ದಾನಾ? ಇಲ್ಲ. ಸಾಯುತ್ತೇನೆ ಅಂದಿದ್ದಾನಾ? ಒಂದು ಸಲ. ಅದಕ್ಕೆ ಹೀಗೆ ಹೇಳಿದೆ: ಮತ್ತೆ ಹಾಗಂದರೆ ನೀನೊಬ್ಬಳೇ ಹೊರಬೇಡ, ಅವನ ಮನೆಯವರಿಗೋ ವಾರ್ಡನ್‌ಗೋ ಆ ಕ್ಷಣವೇ ತಿಳಿಸು. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು, 24 ಗಂಟೆಯೂ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ, ಅದನ್ನು ಅವನಿಗೆ ಕೊಡು. ಅಪಾಯ ಅನ್ನಿಸಿದರೆ 112. ಲೊಕೇಶನ್ ಆಫ್ ಮಾಡುವ ದಿನ ರೂಮ್‌ಮೇಟ್‌ಗೆ ಗೊತ್ತಿರಲಿ. ಬೇಡ ಅಂದ ಮೇಲೂ ಹೆಣ್ಣುಮಗಳ ಬೆನ್ನು ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ ಅಂತಲೂ ಹೇಳಿದೆ. "ಅಷ್ಟೆಲ್ಲಾ ಏನಿಲ್ಲ ಮ್ಯಾಮ್" ಅಂದಳು. ಸರಿ, ಗೊತ್ತಿರಲಿ ಅಂದೆ.

ತಾಯಿಯ ಜೊತೆ ಬೇರೆಯೇ ಕೂತೆ. ಹುಡುಗನ ಬಗ್ಗೆ ಪುಟ್ಟಿ ಹೇಳಿದ್ದನ್ನು ಅವರಿಗೆ ಹೇಳಲಿಲ್ಲ, ಅದು ಅವಳೇ ಹೇಳಬೇಕಾದ ಮಾತು. ಅವರ ಬೇಡಿಕೆ ಒಂದೇ, ಪುಸ್ತಕ ಬಿಡಿಸಿ. ಬಿಡಿಸುವುದಿಲ್ಲ ಅಂದೆ. ಕಿತ್ತುಕೊಂಡರೆ ಫೋನಿನಲ್ಲಿ ಓದುತ್ತಾಳೆ. ಓದಿದ್ದನ್ನು ನಿಮ್ಮ ಹತ್ತಿರ ಹೇಳುವುದಂತೂ ಪೂರ್ತಿ ನಿಂತುಹೋಗುತ್ತದೆ.

"ನಾವೂ ಓದಿದ್ವಿ ಮೇಡಂ, ನಮ್ಮದು ಬೇರೆ ಥರ" ಅಂದರು. ಏನು ಓದಿದ್ರಿ ಅಂತ ಕೇಳಿದೆ. ಪಟ್ಟಿ ಉದ್ದಕ್ಕೆ ಬಂತು. ತ್ರಿವೇಣಿಯವರ 'ಬೆಳ್ಳಿಮೋಡ' ಹತ್ತಿರ ನಿಂತರು. ಪುಟ್ಟಣ್ಣ ಕಣಗಾಲರು 1967ರಲ್ಲಿ ಮಾಡಿದ ಸಿನಿಮಾವನ್ನು ಟಿವಿಯಲ್ಲಿ ನೋಡಿದ್ದರು. ಆಸ್ತಿ ಕೈತಪ್ಪುತ್ತದೆ ಅಂತ ಗೊತ್ತಾದಾಗ ಮದುವೆ ಬೇಡವೆಂದ ಹುಡುಗ, ಹಾಸಿಗೆ ಹಿಡಿದು ಅವಳಿಂದಲೇ ಸೇವೆ ಮಾಡಿಸಿಕೊಂಡ ಮೇಲೆ, ತಪ್ಪಾಯ್ತು ಮದುವೆಯಾಗು ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. "ನಾನು ಎಷ್ಟು ಅತ್ತಿದ್ದೆ ಮೇಡಂ. ಪಶ್ಚಾತ್ತಾಪ ಪಟ್ಟಿದಾನಲ್ಲ, ಒಪ್ಕೋಬಾರದಾ ಅಂತ. ಈಗ ಅನ್ಸುತ್ತೆ, ಅವಳು ಮಾಡಿದ್ದೇ ಸರಿ."

"ಇದನ್ನ ಪುಟ್ಟಿ ಹತ್ರ ಯಾವತ್ತಾದ್ರೂ ಹೇಳಿದೀರಾ?"

"ಇಂಥದ್ದನ್ನೆಲ್ಲ ಮಕ್ಕಳ ಹತ್ರ ಹೇಳ್ತಾರಾ?" ಅಂದವರು ಅಲ್ಲೇ ನಿಲ್ಲಿಸಿದರು. ಚೀಲವನ್ನು ವಾಪಸ್ ಎತ್ತಿಕೊಂಡರು. ನಾನು ಕೊಟ್ಟ ಸಲಹೆ ಇಷ್ಟೇ: ಶನಿವಾರ ಬಂದಾಗ ಏನು ಓದ್ತಿದ್ದೀಯ ಅಂತ ಕೇಳಿ, ಕಥೆ ಪೂರ್ತಿ ಕೇಳಿ, ನಡುವೆ ಬುದ್ಧಿ ಹೇಳಬೇಡಿ.

ಎರಡು ವಾರ ಕಳೆದು ಪುಟ್ಟಿ ಒಬ್ಬಳೇ ಬಂದಳು. ನೋಟ್‌ಬುಕ್ ತಂದಿದ್ದಳು. ಎಡಗಡೆ ಒಂಬತ್ತು ಸಾಲು, ಬಲಗಡೆ ಪುಟ ತುಂಬಿ ಅಂಚಿಗೆ ಹರಿದಿತ್ತು. "ಬಲಗಡೇದು ಕೈಯಲ್ಲಿ ಮುಚ್ಚಿ ಓದಿದೆ ಮ್ಯಾಮ್. ಭಯ ಆಯ್ತು." ಫೋನ್ ತೆಗೆದು ಆ ಹಳೇ ವಾಟ್‌ಪ್ಯಾಡ್ ಕಥೆಯನ್ನೂ ತೋರಿಸಿದಳು. ಅಲ್ಲಿ ಪ್ರತಿ ಪ್ಯಾರಾದ ಪಕ್ಕ ಓದುಗರು ಕಾಮೆಂಟ್ ಹಾಕಬಹುದು. ಹುಡುಗ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದು ಎಳೆಯುವ ಕಡೆ ಬೆಂಕಿಯ ಚಿಹ್ನೆ, ಹೃದಯದ ಚಿಹ್ನೆ ಸಾಲುಗಟ್ಟಿದ್ದವು. "ಇದರಲ್ಲಿ ಒಂದು ನಂದೇ" ಅಂದಳು. ಅದಕ್ಕೆ ನಾನೇನೂ ಹೇಳಲಿಲ್ಲ.

ಮುಂದಿನ ಹೆಜ್ಜೆ ಸಣ್ಣದು. ಅವನಿಗೆ ಒಂದೇ ಒಂದು ಚಿಕ್ಕ 'ಇಲ್ಲ' ಹೇಳಿ ನೋಡುವುದು. ಜಗಳ ಬೇಡ, ಕಾರಣ ಕೊಡುವುದೂ ಬೇಡ. ಎದುರೆದುರು ಬೇಡ, ಮೆಸೇಜ್ ಮಾಡಿದರೆ ಸಾಕು, ಪಕ್ಕದಲ್ಲಿ ರೂಮ್‌ಮೇಟ್ ಇರಲಿ. 'ಈ ಭಾನುವಾರ ಸಿಗೋಕೆ ಆಗಲ್ಲ, ಅಮ್ಮನ ಜೊತೆ ಇರ್ತೀನಿ.' ಪ್ರೀತಿಸುವವನಿಗೂ ಬೇಜಾರಾಗುತ್ತದೆ. ಬೇಜಾರಾದ ಮೇಲೆ ಏನು ಮಾಡುತ್ತಾನೆ ಅನ್ನುವುದನ್ನು ಎಡಗಡೆ ಬರಿ ಅಂದೆ.

ಆ ಭಾನುವಾರ 43 ಮೆಸೇಜ್ ಬಂದವಂತೆ. ಮೊದಲ ಹತ್ತು ಮುದ್ದು ಮಾಡಿ, ಆಮೇಲಿನವು ಬೈದು, ಕೊನೆಯದು 'ನಿಮ್ಮ ಊರಿಗೆ ಬರ್ತಿದೀನಿ'. ಪುಟ್ಟಿ ಫೋನನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಕಿರುಚಲಿಲ್ಲ, ಅಷ್ಟು ನನಗೆ ಸಾಕಿತ್ತು. ಬಸ್‌ಸ್ಟ್ಯಾಂಡಿಗೆ ಇಬ್ಬರೂ ಒಟ್ಟಿಗೆ ಹೋದರು, ಜೊತೆಗೆ ಸೋದರಮಾವ. ಹುಡುಗ ಬರಲಿಲ್ಲ.

ಸಂಬಂಧ ಆ ದಿನವೇ ಮುಗಿಯಲಿಲ್ಲ. ಎರಡು ಸಲ ಬಿಟ್ಟಳು, ಎರಡು ಸಲ ಮತ್ತೆ ಮಾತಾಡಿದಳು. ಮೂರನೇ ಸಲ ಪಾಸ್‌ವರ್ಡ್ ಬದಲಿಸಿ, ವಾರ್ಡನ್‌ಗೆ ಹೇಳಿ, ಬಿಟ್ಟಳು. ಮನೆಯಲ್ಲಿ ತಂದೆಗೆ ಇನ್ನೂ ವಿಷಯ ಗೊತ್ತಿಲ್ಲ. ಬ್ಯಾಕ್ ಇದ್ದ ಎರಡರಲ್ಲಿ ಒಂದು ಸಬ್ಜೆಕ್ಟ್ ಪಾಸಾಗಿದೆ. ಹುಡುಗ ಅದೇ ಕಾಲೇಜಿನಲ್ಲಿದ್ದಾನೆ. ಕ್ಯಾಂಟೀನಿಗೆ ಹೋಗುವ ದಾರಿ ಬದಲಿಸಿಕೊಂಡಿದ್ದಾಳೆ, ಅದು ನನಗೆ ಅಷ್ಟು ಹಿಡಿಸಿಲ್ಲ. ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ.

ಓದುವುದನ್ನು ಬಿಟ್ಟಿಲ್ಲ. ಕಳೆದ ಸಲ ಬಂದಾಗ ಹೊಸದೊಂದು ಪುಸ್ತಕ ಕೈಯಲ್ಲಿತ್ತು, ಕಾರ್ಟೂನ್ ಮುಖಪುಟದ್ದೇ. ಅದರಲ್ಲಿ ಹೀರೋ ಹೇಳದೆ ಕೇಳದೆ ಹುಡುಗಿ ಕೆಲಸ ಮಾಡುವ ಕಡೆ ಹೂ ಹಿಡಿದು ಬಂದು ನಿಲ್ಲುವ ಪುಟ ಒಂದಿದೆ. ಅದರ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ, ಕನ್ನಡದಲ್ಲಿ ಬರೆದಿದ್ದಳು: 'ಅಡ್ರೆಸ್ ಯಾರು ಕೊಟ್ರು ಇವನಿಗೆ?' ಕೆಳಗೆ ಬೇರೆ ಕೈಬರಹದಲ್ಲಿ ಇನ್ನೊಂದು ಸಾಲಿತ್ತು, 'ಸೆಕ್ಯೂರಿಟಿಯವನು ಏನ್ಮಾಡ್ತಿದ್ದ?'

"ಅಮ್ಮ ಬರೆದಿದ್ದು ಮ್ಯಾಮ್" ಅಂದಳು. "ಅರ್ಧ ನಾನು ಓದಿ ಹೇಳ್ತೀನಿ. ಉಳಿದಿದ್ದಕ್ಕೆ ಶನಿವಾರ ತನಕ ಕಾಯ್ತಾರೆ."