ಓದುಗರ ಪ್ರಶ್ನೆ, ನಮ್ಮ ಉತ್ತರ: ಹಕ್ಕಲು ಅಂದರೆ ಯಾವ ಹಕ್ಕಲು?

ಪ್ರಶ್ನೆ: ನಮಸ್ಕಾರ ಸರ್. ನನಗೆ 29 ವರ್ಷ. ಒಂದನೇ ಇಯತ್ತೆಯಿಂದಲೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತೆಲ್ಲ ಕನ್ನಡವೇ, ಆದರೆ ಕನ್ನಡ ಓದಿದ್ದು ಕಮ್ಮಿ. ನಾಲ್ಕು ಪದ ಜಾಸ್ತಿ ಕಲಿಯೋಣ ಅಂತ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದೆ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಮೊಬೈಲ್‌ನಲ್ಲಿ ಅರ್ಥ ಹುಡುಕಿ ನೋಟ್‌ಬುಕ್‌ಗೆ ಬರೆದುಕೊಂಡೆ. ಒಂದು ತಿಂಗಳಿಗೆ 40 ಪುಟ ಆಯಿತು, ಕಥೆ ಮಾತ್ರ ತಲೆಗೆ ಹತ್ತಲಿಲ್ಲ. ಎಷ್ಟೋ ಪದ ಮೊಬೈಲ್‌ನಲ್ಲಿ ಸಿಗಲೂ ಇಲ್ಲ. ನನ್ನ ಕನ್ನಡ ಇಷ್ಟು ಕೆಟ್ಟಿದೆಯಾ? ಈ ಪುಸ್ತಕ ಬಿಟ್ಟು ಸಣ್ಣದೊಂದು ಹಿಡಿಯಲಾ?
ಓದುಗಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪುಸ್ತಕ ಬಿಡಬೇಡಿ ತಂಗಿ. ನೋಟ್‌ಬುಕ್ ಬಿಡಿ.

ನಿಮ್ಮ ಕನ್ನಡಕ್ಕೆ ಏನೂ ಆಗಿಲ್ಲ. ಆ ಕಾದಂಬರಿ ಬಂದದ್ದು 1967ರಲ್ಲಿ. ಅದರೊಳಗಿನ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ, ಜಾಗ ತೀರ್ಥಹಳ್ಳಿ ಸುತ್ತಿನ ಮಲೆನಾಡು. ನಾವೋ ಎರೆಹೊಲ, ಜೋಳ, ಹತ್ತಿ ನೋಡಿ ಬೆಳೆದವರು. ಮಳೆಗೆ ತಲೆ ಮೇಲಿಂದ ಬೆನ್ನಿಗೆ ಹಾಕಿಕೊಳ್ಳುವ ಎಲೆಯ ಗೊರಬು, ಹಳ್ಳ ದಾಟಲು ಮರದ ದಿಮ್ಮಿ ಅಡ್ಡ ಹಾಕಿದ ಸಂಕ, ಇವೆಲ್ಲ ನಮ್ಮ ಕಡೆ ಎಲ್ಲಿ ಕಾಣಬೇಕು? ಕಾಣದ ವಸ್ತುವಿನ ಹೆಸರು ಗೊತ್ತಿಲ್ಲ ಅಂದರೆ ಅದು ಭಾಷೆ ಬರದೇ ಇರುವುದಲ್ಲ, ಆ ಊರಿಗೆ ಇನ್ನೂ ಹೋಗಿಲ್ಲ ಅಂತಷ್ಟೇ. ನೀವು ಈಗ ಹೋಗುತ್ತಿದ್ದೀರಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಹುಟ್ಟಿದ್ದು ಗದಗ ಹತ್ತಿರದ ಒಂದು ಹಳ್ಳಿಯಲ್ಲಿ. ಶೇಂಗಾ ಕಿತ್ತು ಮುಗಿದ ಮೇಲೆ ಅವ್ವ ನಮ್ಮನ್ನು ಹಕ್ಕಲಕ್ಕೆ ಕಳಿಸುತ್ತಿದ್ದಳು. ಬಳ್ಳಿ ಕಿತ್ತಾಗ ಮಣ್ಣಲ್ಲೇ ಉಳಿದ ಕಾಯಿಗಳನ್ನು ಕುರ್ಚಿಗಿಯಿಂದ ಕೆದರಿ ಆರಿಸುವುದೇ ಹಕ್ಕಲ. ಸಂಜೆಗೆ ಉಡಿ ತುಂಬ ಕಾಯಿ, ಉಗುರು ತುಂಬ ಎರೆಮಣ್ಣು. ಮುಂದೆ ಕಾಲೇಜಿನಲ್ಲಿ ಮಲೆನಾಡಿನ ಕಥೆ ಓದಲು ಕೂತಾಗ ದನ ಹಕ್ಕಲಿನಲ್ಲಿ ಮೇಯುವ ಮಾತು ಬಂತು. ಕಟಾವಾದ ಹೊಲಕ್ಕೆ ದನ ಬಿಟ್ಟಿದ್ದಾರೆ ಅಂದುಕೊಂಡು ಮುಂದೆ ಹೋದೆ. ಎರಡನೇ ಸಲ ಬಂದಾಗ ಅನುಮಾನ ಆಯಿತು, ಯಾಕೆಂದರೆ ಅಲ್ಲಿ ಸುತ್ತ ಕಾಡು, ಹೊಲದ ಸುಳಿವೇ ಇಲ್ಲ. ಮೂರನೇ ಸಲಕ್ಕೆ ಚಿತ್ರ ಸರಿಯಾಗಿ ಕೂತಿತು: ಉಳುಮೆ ಮಾಡದೆ ಬಿಟ್ಟ ಬಯಲು, ದನ ಮೇಯುವ ಜಾಗ. ಆಮೇಲೆ ಆ ಕಡೆಯ ಗೆಳೆಯನೊಬ್ಬನನ್ನು ಕೇಳಿ ಖಚಿತ ಮಾಡಿಕೊಂಡೆ. ನಲವತ್ತು ವರ್ಷ ಆಯಿತು, ಆ ಪದ ಇವತ್ತಿಗೂ ಮರೆತಿಲ್ಲ. ಮೊದಲ ಸಲವೇ ನಿಘಂಟು ತೆಗೆದಿದ್ದರೆ ಎರಡು ನಿಮಿಷದಲ್ಲಿ ಅರ್ಥ ಸಿಗುತ್ತಿತ್ತು, ಎರಡು ದಿನದಲ್ಲಿ ಮರೆತೂ ಹೋಗುತ್ತಿತ್ತು.

ಹಾಗಾಗಿ ನನ್ನ ಮಾತು ಇಷ್ಟು. ಪದವನ್ನು ಮೂರು ಸಲ ಬರಲು ಬಿಡಿ. ಮೊದಲ ಸಲ ಪೆನ್ಸಿಲ್‌ನಿಂದ ಅಡಿಗೆರೆ ಎಳೆದು ಮುಂದೆ ಹೋಗಿ. ಎರಡನೇ ಸಲ ಒಂದು ಊಹೆ ಮಾಡಿ. ಮೂರನೇ ಸಲವೂ ಅದು ಬಗೆಹರಿಯದೆ ಕಾಡಿದರೆ ಮಾತ್ರ ನಿಘಂಟು. ದೊಡ್ಡ ಕಾದಂಬರಿಯ ಲಾಭವೇ ಇದು. ಅದೇ ಹಳ್ಳ, ಅದೇ ದಾರಿ, ಅದೇ ಜನ ಮತ್ತೆ ಮತ್ತೆ ಬರುತ್ತಾರೆ, ಪದಗಳೂ ಅವರ ಜೊತೆಗೇ ಬರುತ್ತವೆ. ಸಣ್ಣಕಥೆಯಲ್ಲಿ ಒಂದು ಪದಕ್ಕೆ ಅಷ್ಟು ಅವಕಾಶ ಸಿಗುವುದಿಲ್ಲ. ಮೊದಲ ಐವತ್ತು ಪುಟ ಭಾರ ಅನ್ನಿಸಿಯೇ ಅನ್ನಿಸುತ್ತೆ, ಅಲ್ಲಿ ಊರಿಗೆ ಊರೇ ನಿಮಗೆ ಹೊಸದು. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಸುಮ್ನೆ ನಡೆದುಬಿಡಿ. ದಾರಿ ಅವರಿಗೆ ಗೊತ್ತಿದೆ.

ಇನ್ನೊಂದು, ಸಂಭಾಷಣೆ ಬಂದಲ್ಲೆಲ್ಲ ಬಾಯಿಬಿಟ್ಟು ಓದಿ. ಆಡುಮಾತನ್ನು ಆಡಿದ ಹಾಗೇ ಬರೆದಿರುವುದರಿಂದ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತೆ. ಕಿವಿಗೆ ಬಿದ್ದ ತಕ್ಷಣ ಅರ್ಧಕ್ಕರ್ಧ ಪದಗಳು ಪರಿಚಯದವೇ ಅಂತ ಗೊತ್ತಾಗುತ್ತೆ. ನೀವು ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೇಳಿದ ಕನ್ನಡ ಇದೆಯಲ್ಲ, ಅದು ಅಲ್ಲಿ ಕೆಲಸಕ್ಕೆ ಬರುತ್ತೆ.

ಒಂದು ಪುಟದಲ್ಲಿ ಎಷ್ಟು ಪದ ಗೊತ್ತಿಲ್ಲದಿದ್ದರೆ ಪರವಾಗಿಲ್ಲ ಅಂತ ಕೇಳುವವರಿದ್ದಾರೆ. ಇಂಗ್ಲಿಷ್ ಕಲಿಯುವವರ ಬಗ್ಗೆ ಸಂಶೋಧಕರು ಹೇಳುವ ಲೆಕ್ಕ ಒಂದಿದೆ, ನೂರಕ್ಕೆ 98 ಪದ ಗೊತ್ತಿದ್ದರೆ ಯಾರ ಸಹಾಯವೂ ಇಲ್ಲದೆ ಸಲೀಸಾಗಿ ಓದಬಹುದು ಅಂತ. ಕನ್ನಡಕ್ಕೆ ಆ ಲೆಕ್ಕ ಹಾಗೇ ಕೂರುವುದಿಲ್ಲ. ‘ಹೋಗಲಿಕ್ಕಾಗದಿದ್ದರೂ’ ಅನ್ನುವುದು ನಮ್ಮಲ್ಲಿ ಒಂದೇ ಪದ, ಎಣಿಸುವುದು ಹೇಗೆ? ನನ್ನ ಲೆಕ್ಕ ಬೇರೆ. ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ, ಯಾರು ಎಲ್ಲಿಗೆ ಹೋದರು, ಏನಾಯಿತು ಅಂತ ಎರಡು ಮಾತಲ್ಲಿ ಹೇಳಲು ಬಂದರೆ ಮುಂದಿನ ಪುಟಕ್ಕೆ ಹೋಗಿ.

ಇನ್ನು ನಿಘಂಟಿನ ವಿಷಯ. ಮೊಬೈಲ್‌ನಲ್ಲಿ ಸಿಗಲಿಲ್ಲ ಅಂದರೆ ಆ ಪದವೇ ಇಲ್ಲ ಅಂದುಕೊಳ್ಳಬೇಡಿ. ಕಿಟೆಲ್ ಅವರ ನಿಘಂಟು ಇದೆ, 1894ರದು, ಸುಮಾರು 70,000 ಪದ. ಅವರು 1853ರಲ್ಲಿ ಜರ್ಮನಿಯಿಂದ ಬಂದವರು, ಮೊದಲು ನೆಲೆ ನಿಂತದ್ದು ನಮ್ಮ ಧಾರವಾಡದಲ್ಲೇ, ಹಾಗಾಗಿ ನಮ್ಮ ಕಡೆಯ ಪದಗಳೂ ಅದರಲ್ಲಿ ಚೆನ್ನಾಗಿ ಸಿಗುತ್ತವೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇನ್ನೂ ದೊಡ್ಡದು, ದೊಡ್ಡ ಲೈಬ್ರರಿಗಳಲ್ಲಿ ನೋಡಲು ಸಿಗುತ್ತೆ. ಹುಡುಕುವಾಗ ಒಂದು ಉಪಾಯ ನೆನಪಿಡಿ: ‘ಹ’ದಿಂದ ಶುರುವಾಗುವ ಎಷ್ಟೋ ಅಚ್ಚಗನ್ನಡ ಪದಗಳು ಹಳಗನ್ನಡದಲ್ಲಿ ‘ಪ’ ಇದ್ದವು. ಪಾಲು ಹಾಲಾಯಿತು, ಪೂ ಹೂವಾಯಿತು. ಮಲೆನಾಡಿನವರ ‘ಹಳು’ ಅಂದರೆ ಕಾಡು, ಪೊದೆ, ಅದೂ ಹಳೆಯ ‘ಪ’ಕಾರದ ಪದವೇ. ‘ಹ’ದಲ್ಲಿ ಪೂರ್ತಿ ವಿವರ ಸಿಗದಿದ್ದರೆ ‘ಪ’ ಕೂಡ ತೆಗೆದು ನೋಡಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಕಾದಂಬರಿಗಳಿಂದ ಪದ ಆರಿಸಿ ದಿನಕ್ಕೆ 50ರಂತೆ ಬಾಯಿಪಾಠ ಮಾಡುತ್ತೇನೆ. ವಾರ ಕಳೆದರೆ ಒಂದೂ ನೆನಪಿಲ್ಲ. ಏನು ಮಾಡಲಿ?
ಅಭ್ಯರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಐವತ್ತು ಬಹಳ ಆಯಿತು ತಮ್ಮಾ, ಐದು ಸಾಕು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವವರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ 1885ರಲ್ಲೇ ಬರೆದಿಟ್ಟಿದ್ದಾರೆ. ಮೊದಲ ದಿನವೇ ಬಹುಪಾಲು ಹೋಗಿಬಿಡುತ್ತೆ. ವಾಕ್ಯ ಬಿಟ್ಟು ಕಿತ್ತು ತಂದ ಪದ ಕೂಡ ಹೆಚ್ಚು ಕಮ್ಮಿ ಆ ಅಕ್ಷರಗಳ ಹಾಗೇ. ಪದ ಬರೆಯಬೇಡಿ, ಅದು ಇದ್ದ ಪೂರ್ತಿ ವಾಕ್ಯ ಬರೆಯಿರಿ. ಮರುದಿನ, ಮೂರು ದಿನ ಬಿಟ್ಟು, ಆಮೇಲೆ ಒಂದು ವಾರ ಬಿಟ್ಟು, ಅರ್ಥ ಮುಚ್ಚಿಟ್ಟು ನಿಮ್ಮನ್ನೇ ಕೇಳಿಕೊಳ್ಳಿ.

ಪ್ರಶ್ನೆ: ಸರ್, ನಾವು ಬ್ಯಾಡಗಿ ಕಡೆಯವರು. ಮಗಳು ಎಂಟನೇ ಇಯತ್ತೆ. ‘ನಮ್ಮ ಊರು’ ಅಂತ ನಿಬಂಧ ಬರೆಯುವಾಗ ‘ನಮ್ಮ ಮುತ್ತಜ್ಜನ ಕಾಲದಲ್ಲಿ ಜೋಳವನ್ನು ಹಗೆಯಲ್ಲಿ ಇಡುತ್ತಿದ್ದರು’ ಅಂತ ಬರೆದಿದ್ದಳು. ಶಾಲೆಯಲ್ಲಿ ಅದಕ್ಕೆ ಕೆಂಪು ಗೆರೆ ಬಿತ್ತು. ಹಗೆ ಅಂದರೆ ವೈರತ್ವ, ತಪ್ಪು ಅಂದರಂತೆ. ಅವಳು ಈಗ ಮನೆಯ ಮಾತು ಬರೆಯಲಿಕ್ಕೇ ಹೆದರುತ್ತಾಳೆ. ಅವಳಿಗೆ ಯಾವ ಕಾದಂಬರಿ ಓದಿಸಲಿ?
ಒಬ್ಬ ತಂದೆ, ಹಾವೇರಿ ಜಿಲ್ಲೆ

ಉತ್ತರ: ಪತ್ರ ಓದಿ ಹೊಟ್ಟೆ ಉರಿಯಿತು. ನಿಮ್ಮ ಮಗಳು ಬರೆದದ್ದು ಸರಿ, ನೂರಕ್ಕೆ ನೂರು ಸರಿ. ಹಗೆ ಅಂದರೆ ವೈರತ್ವವೂ ಹೌದು, ಕಾಳು ತುಂಬುವ ನೆಲದೊಳಗಿನ ಕಣಜವೂ ಹೌದು. ಹಗೇವು ಅಂತಲೂ ಅನ್ನುತ್ತಾರೆ. ನೀರು ನಿಲ್ಲದ ಜಾಗ ನೋಡಿ ಆಳಕ್ಕೆ ಅಗೆದು, ಒಳಗೆಲ್ಲ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ್ದರಿಂದ ಹುಳ ಹಿಡಿಯುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಎಚ್ಚರ ಬೇಕಿತ್ತು. ಬಾಯಿ ತೆರೆದು ಸ್ವಲ್ಪ ಹೊತ್ತು ಬಿಟ್ಟು, ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿತು ಅಂದರೆ ಒಳಗೆ ಕೆಟ್ಟ ಗಾಳಿ ಇದೆ, ಮನುಷ್ಯ ಇಳಿಯುವಂತಿಲ್ಲ. ಇಷ್ಟೆಲ್ಲ ಆ ಎರಡಕ್ಷರದ ಪದದೊಳಗಿದೆ. ಅದನ್ನೇ ಅಳಿಸಿಬಿಟ್ಟರೆ ಹೇಗೆ ಅಲ್ವಾ?

ಕಾದಂಬರಿ ಅಂದರೆ ರಾವಬಹಾದ್ದೂರರ ‘ಗ್ರಾಮಾಯಣ’. 1957ರದು. ನಮ್ಮ ಉತ್ತರ ಕರ್ನಾಟಕದ ಒಂದು ಹಳ್ಳಿಯ ಕಥೆ, ಹೊಲ ಮನೆಯ ಪದಗಳೆಲ್ಲ ಅದರಲ್ಲಿ ಎದೆ ಸೆಟೆಸಿ ನಿಂತಿವೆ. ಆದರೆ ದೊಡ್ಡ ಪುಸ್ತಕ, ಅದರಲ್ಲಿ ದುಃಖವೂ ಜಾಸ್ತಿ, ಎಂಟನೇ ಇಯತ್ತೆಗೆ ಸ್ವಲ್ಪ ಭಾರ. ಮೊದಲು ನೀವು ಓದಿ, ಅವಳಿಗೆ ಹಿಡಿಸುವ ಭಾಗ ಆರಿಸಿ ರಾತ್ರಿ ಊಟ ಆದ ಮೇಲೆ ದಿನಕ್ಕೆ ನಾಲ್ಕು ಪುಟ ಜೋರಾಗಿ ಓದಿ ಹೇಳಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಪದದ ಅರ್ಥ ಅವರು ಹೇಳಲಿ, ನೀವು ಹೇಳಬೇಡಿ.

ಶಾಲೆಯವರ ಜೊತೆ ಜಗಳಕ್ಕೆ ಹೋಗಬೇಡಿ. ಕಿಟೆಲ್ ನಿಘಂಟಿನಲ್ಲಿ ಆ ಪದ ಇರುವ ಪುಟದ ಝೆರಾಕ್ಸ್ ಮಾಡಿಸಿ ಮಗಳ ಕೈಲೇ ಕೊಟ್ಟು ಕಳಿಸಿ. ಆ ನಿಬಂಧದ ಒಂದು ಪ್ರತಿ ನಮಗೂ ಕಳಿಸಲು ಹೇಳಿ. ಕೆಂಪು ಗೆರೆ ತೆಗೆದು, ಅವಳು ಬರೆದ ಹಾಗೇ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.